ಟೆರೇಸಿನ ಬಿಸಿಲು ಬಚ್ಚಲಿಗೆ ಇಳಿಯಬೇಕಾದರೆ: ಸೋಲಾರ್ ವಾಟರ್ ಹೀಟರ್ ಹಾಕಿಸುವವರಿಗೆ

ನಮ್ಮ ಮನೆಗೆ ಸೋಲಾರ್ ವಾಟರ್ ಹೀಟರ್ ಬಂದ ಮೊದಲ ಎರಡು ತಿಂಗಳು ನಾವು ಉಗುರುಬೆಚ್ಚಗಿನ ನೀರಿನಲ್ಲೇ ಸ್ನಾನ ಮಾಡಿದೆವು. ಅದೂ ತುಮಕೂರಿನಲ್ಲಿ, ಮಾರ್ಚ್ ತಿಂಗಳಲ್ಲಿ. ಟೆರೇಸ್ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲು ಸುಡುತ್ತಿತ್ತು. ಕೆಳಗೆ ನಲ್ಲಿ ತಿರುಗಿಸಿದರೆ ಬರುತ್ತಿದ್ದುದು ಆರಿದ ಕಾಫಿಯಂಥ ನೀರು. ಹಾಕಿದವರು ಮೂರು ಸಲ ಬಂದರು. ಒಮ್ಮೆ ಗಾಜು ಒರೆಸಿದರು. ಒಮ್ಮೆ ಎರಡು ಟ್ಯೂಬ್ ಬದಲಿಸಿದರು. ಮೂರನೇ ಸಲ, "ನಿಮ್ಮ ಕಡೆ ಬಿಸಿಲು ಸಾಲದು ಸಾರ್" ಎಂದರು. ತುಮಕೂರಿನಲ್ಲಿ ಬಿಸಿಲು ಸಾಲದಂತೆ!

ಕೊನೆಗೆ ತಪ್ಪು ಸಿಕ್ಕಿದ್ದು ಕೆಳಗಿನ ಬಚ್ಚಲಿನ ಶವರ್ ಮಿಕ್ಸರಿನಲ್ಲಿ, ಅಂದರೆ ಬಿಸಿ ನೀರು, ತಣ್ಣೀರು ಬೆರೆಸಿ ಕೊಡುವ ನಲ್ಲಿಯಲ್ಲಿ. ಆ ಕಥೆ ಮುಂದೆ ಬರುತ್ತದೆ. ಅಂದಿನಿಂದ ಯಾರಾದರೂ ಸೋಲಾರ್ ಹಾಕಿಸುತ್ತೇನೆ ಎಂದರೆ, ಯಾವ ಕಂಪನಿ ಎಂದು ಕೇಳುವ ಮೊದಲು ನಾನು ಪೈಪ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತೇನೆ. ಟೆರೇಸ್ ಮೇಲಿನ ಪೆಟ್ಟಿಗೆ ಬಹಳ ಸರಳ ವಸ್ತು. ಅದರಲ್ಲಿ ಮೋಟರಿಲ್ಲ, ಓಡಾಡುವ ಭಾಗವಿಲ್ಲ. ಬಿಸಿಯಾದ ನೀರು ಹಗುರಾಗಿ ತಾನಾಗಿಯೇ ಮೇಲೇರಿ ಟ್ಯಾಂಕ್ ಸೇರುತ್ತದೆ, ತಣ್ಣೀರು ಕೆಳಗಿಳಿದು ಮತ್ತೆ ಕಾಯುತ್ತದೆ. ಕೆಡುವುದೆಲ್ಲ ಅದಕ್ಕೆ ಬರುವ ನೀರಿನಿಂದ, ಅದರಿಂದ ಹೊರಡುವ ಪೈಪಿನಿಂದ.

ಶುರು ಮಾಡುವ ಮೊದಲು ಒಂದು ಗೊಂದಲ ಬಗೆಹರಿಸೋಣ. ಸೋಲಾರ್ ಎಂದರೆ ಎರಡು ಬಗೆ. ಒಂದು ಕರೆಂಟ್ ಮಾಡುವುದು, ಇನ್ನೊಂದು ನೀರು ಕಾಯಿಸುವುದು. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿವರೆಗಿನ ಸಬ್ಸಿಡಿ ಕರೆಂಟ್ ಪ್ಯಾನೆಲ್ಲಿಗೆ. ವಾಟರ್ ಹೀಟರಿಗೂ ಅದೇ ಸಬ್ಸಿಡಿ ಕೊಡಿಸುತ್ತೇನೆ ಎಂದು ಯಾರಾದರೂ ಅಡ್ವಾನ್ಸ್ ಕೇಳಿದರೆ ಬಾಗಿಲು ಹಾಕಿಕೊಳ್ಳಿ.

1. ಎಷ್ಟು ಲೀಟರ್ ಬೇಕು?

ಅಂಗಡಿಯವರು "ನಾಲ್ಕು ಜನಕ್ಕೆ 200 ಲೀಟರ್" ಎಂದು ಬಾಯಿಪಾಠ ಒಪ್ಪಿಸುತ್ತಾರೆ. ನೀವು ಮೊದಲು ನೋಡಬೇಕಾದ್ದು ಮನೆಯಲ್ಲಿ ಬಕೆಟ್ ಸ್ನಾನವೋ ಶವರ್ ಸ್ನಾನವೋ ಎಂದು. ಒಳ್ಳೆಯ ಬಿಸಿಲಿನ ದಿನ ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟುತ್ತದೆ. ಸ್ನಾನಕ್ಕೆ ಬೇಕಾದ್ದು 40 ಡಿಗ್ರಿ. ಹಾಗಾಗಿ ಅರ್ಧ ಬಿಸಿ, ಅರ್ಧ ತಣ್ಣೀರು ಎಂದಿಟ್ಟುಕೊಳ್ಳಿ. ಎರಡು ಬಕೆಟ್ ಸ್ನಾನಕ್ಕೆ ಸುಮಾರು 20 ಲೀಟರ್ ಬಿಸಿ ನೀರು ಸಾಕು. ಶವರಿನಡಿ ಎಂಟು ನಿಮಿಷ ನಿಂತರೆ 70–80 ಲೀಟರ್ ಹೋಗುತ್ತದೆ, ಅದರಲ್ಲಿ 35–40 ಲೀಟರ್ ಬಿಸಿಯದು.

ಬಕೆಟ್ ಸ್ನಾನದ ನಾಲ್ಕು ಜನರ ಮನೆಗೆ 100 ಲೀಟರಿನದು ಸಾಕಾಗುತ್ತದೆ. ಶವರ್ ಮನೆಗೆ, ಅಡುಗೆ ಮನೆಗೂ ಲೈನ್ ಎಳೆಯುವವರಿಗೆ 200 ಬೇಕು. "ನಾಳೆ ನೆಂಟರು ಬಂದರೆ?" ಎಂದು ಇಬ್ಬರೇ ಇರುವ ಮನೆಗೆ 300 ಲೀಟರ್ ತರಬೇಡಿ. ಮೋಡದ ದಿನ ಅಷ್ಟೂ ನೀರು ಅರೆಬೆಚ್ಚಗಾಗಿ ಕೂರುತ್ತದೆ, ಯಾರಿಗೂ ಪ್ರಯೋಜನವಿಲ್ಲ.

ಉಳಿತಾಯದ ಲೆಕ್ಕವೂ ಕಷ್ಟವಲ್ಲ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಸುಮಾರು 4 ಯೂನಿಟ್ ಕರೆಂಟ್ ಬೇಕು. 2 ಕಿಲೋವ್ಯಾಟ್ ಗೀಸರ್ ಎರಡು ಗಂಟೆ ಉರಿದಷ್ಟು. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿಕೊಳ್ಳಿ.

2. ನಿಮ್ಮ ನೀರು ಎಂಥದ್ದು?

ಟ್ಯೂಬ್ ಒಳ್ಳೆಯದೋ ಪ್ಯಾನೆಲ್ ಒಳ್ಳೆಯದೋ ಎಂಬ ಜಗಳಕ್ಕೆ ಉತ್ತರ ಬೋರ್‌ವೆಲ್ಲಿನಲ್ಲಿದೆ.

ಪ್ಯಾನೆಲ್ ಎಂದರೆ ಫ್ಲ್ಯಾಟ್ ಪ್ಲೇಟ್. ಗಟ್ಟಿ ಗಾಜಿನ ಕೆಳಗೆ ಕಪ್ಪು ಲೇಪನದ ತಗಡು, ಅದಕ್ಕೆ ಬೆಸೆದ ತಾಮ್ರದ ಸಣ್ಣ ಸಣ್ಣ ಕೊಳವೆಗಳು. ನೀರು ಆ ಕೊಳವೆಗಳಲ್ಲಿ ಕಾಯುತ್ತದೆ. ಟ್ಯೂಬ್ ಬಗೆಯಲ್ಲಿ ಎರಡು ಪದರದ ಗಾಜಿನ ಕೊಳವೆಗಳಿರುತ್ತವೆ. ಎರಡು ಪದರಗಳ ನಡುವೆ ಗಾಳಿ ತೆಗೆದಿರುತ್ತಾರೆ, ಥರ್ಮಾಸ್ ಫ್ಲಾಸ್ಕಿನ ಹಾಗೆ. ಒಳಗೆ ಹೋದ ಶಾಖ ಹೊರಗೆ ಬರುವುದು ಕಷ್ಟ. ಅದಕ್ಕೇ ಚಳಿಗಾಳಿಯ ದಿನ, ತೆಳು ಮೋಡದ ದಿನ ಟ್ಯೂಬಿನ ಕೆಲಸ ಚೆನ್ನಾಗಿರುತ್ತದೆ.

ಈಗ ಗಡಸು ನೀರಿನ ವಿಷಯ. ಬೋರ್ ನೀರಿನಲ್ಲಿ ಕರಗಿದ ಸುಣ್ಣದ ಅಂಶ ಬಿಸಿ ತಾಗಿದಾಗ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ನೋಡಿರುತ್ತೀರಿ ಅಲ್ವಾ, ಅದೇ. ತಾಮ್ರದ ಸಣ್ಣ ಕೊಳವೆಯೊಳಗೆ ಈ ಪೊರೆ ಬೆಳೆದರೆ ಕೆಲವೇ ವರ್ಷಗಳಲ್ಲಿ ದಾರಿ ಮುಚ್ಚುತ್ತದೆ. ಟ್ಯೂಬ್ ಅಗಲವಾಗಿರುವುದರಿಂದ ಸುಣ್ಣ ತಳದಲ್ಲಿ ಕೂರುತ್ತದೆ, ಬಿಚ್ಚಿ ತೊಳೆಯಬಹುದು.

ನನ್ನ ಸಲಹೆ ಹೀಗೆ. ಬೆಂಗಳೂರು, ಮೈಸೂರಿನಲ್ಲಿ ಪೂರ್ತಿ ಕಾವೇರಿ ನೀರಿನ ಮನೆಯಾದರೆ ಫ್ಲ್ಯಾಟ್ ಪ್ಲೇಟ್ ಹಾಕಿಸಿ. ಬೆಲೆ ಜಾಸ್ತಿ, ಆದರೆ ಗಾಜು ಗಟ್ಟಿ, 15–20 ವರ್ಷ ನಿಶ್ಚಿಂತೆ. ತುಮಕೂರು, ಕೋಲಾರ, ಚಿತ್ರದುರ್ಗದ ಬೋರ್ ನೀರಾದರೆ ಟ್ಯೂಬ್. ಅನುಮಾನವಿದ್ದರೆ ಒಂದು ಬಾಟಲಿ ನೀರನ್ನು ಲ್ಯಾಬಿಗೆ ಕೊಟ್ಟು ಗಡಸುತನ ಕೇಳಿ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಲೀಟರಿಗೆ 200 ಮಿಲಿಗ್ರಾಂ ಒಪ್ಪುವ ಮಿತಿ. ಅದನ್ನು ದಾಟಿದರೆ ನಾನಂತೂ ಫ್ಲ್ಯಾಟ್ ಪ್ಲೇಟ್ ಮುಟ್ಟುವುದಿಲ್ಲ. ಫಿಲ್ಟರ್ ಮಾರುವವರು ತೋರಿಸುವ ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಎಲ್ಲ ಲವಣಗಳ ಒಟ್ಟು ಲೆಕ್ಕ ಕೊಡುತ್ತದೆ, ಸುಣ್ಣ ಎಷ್ಟು ಎಂದು ಹೇಳುವುದಿಲ್ಲ.

ಟ್ಯೂಬಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಒಂದು ಟ್ಯೂಬ್ ಒಡೆದರೆ ಟ್ಯಾಂಕಿನ ನೀರೆಲ್ಲ ಆ ತೂತಿನಿಂದ ಹೊರಗೆ. ತೆಂಗಿನ ಮರದಡಿ, ಕೋತಿ ಕಾಟ ಇರುವ ಮಲೆನಾಡಿನ ಊರುಗಳಲ್ಲಿ ಮೇಲೆ ತಂತಿ ಬಲೆ ಹಾಕಿಸಲೇಬೇಕು.

ಟ್ಯಾಂಕಿನ ಒಳಮೈ ಸ್ಟೀಲಿನದೋ, ಗಾಜಿನಂಥ ಎನಾಮಲ್ ಲೇಪನದ್ದೋ ಕೇಳಿ. ಉಪ್ಪಿನ ಅಂಶ ಜಾಸ್ತಿ ಇರುವ ಬೋರ್ ನೀರು ಸಾಮಾನ್ಯ ಸ್ಟೇನ್‌ಲೆಸ್ ಸ್ಟೀಲನ್ನೂ ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಅಲ್ಲಿ ಎನಾಮಲ್ ಮೇಲು. ಒಳಗೆ ಮೆಗ್ನೀಷಿಯಂ ಸರಳು ಇದೆಯೇ ಎಂಬುದನ್ನೂ ನೋಡಿ. ಟ್ಯಾಂಕಿನ ಬದಲು ಅದು ತಾನೇ ಸವೆಯುತ್ತದೆ. ಸವೆದಾಗ ಬದಲಿಸಬೇಕು ಎನ್ನುವುದನ್ನು ಮಾರುವವರು ಹೇಳುವುದೇ ಇಲ್ಲ.

3. ಜಾಗ

ಮುಖ ದಕ್ಷಿಣಕ್ಕೆ. ಮೊಬೈಲಿನ ದಿಕ್ಸೂಚಿ ಸಾಕು. ಬೆಂಗಳೂರು, ತುಮಕೂರಿನ ಕಡೆ ಸುಮಾರು 25 ಡಿಗ್ರಿ ಇಳಿಜಾರು ಇದ್ದರೆ ಚಳಿಗಾಲದ ಓರೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಬೀದರ್, ಕಲಬುರಗಿಯಲ್ಲಿ 30ರ ಹತ್ತಿರ ಇರಲಿ.

ನೆರಳು ನೋಡುವಾಗ ಜನ ಬೇಸಿಗೆಯಲ್ಲಿ ನೋಡಿ ಮೋಸ ಹೋಗುತ್ತಾರೆ. ಏಪ್ರಿಲ್ 24ರ ಸುಮಾರಿಗೆ ಬೆಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆ, ನೆರಳೇ ಇಲ್ಲ. ಡಿಸೆಂಬರಿನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ 10 ಅಡಿ ಗೋಡೆ ನಡುಮಧ್ಯಾಹ್ನವೇ ಸುಮಾರು ಏಳೂವರೆ ಅಡಿ ನೆರಳು ಚೆಲ್ಲುತ್ತದೆ. ಬೆಳಿಗ್ಗೆ 9ಕ್ಕೆ ಇನ್ನೂ ಉದ್ದ. ನೀರು ಬಿಸಿ ಬೇಕಾದ್ದೂ ಡಿಸೆಂಬರಿನಲ್ಲೇ. ದಕ್ಷಿಣ ಪಕ್ಕದ ಸೈಟ್ ಖಾಲಿ ಇದ್ದರೆ, ಅಲ್ಲಿ ನಾಳೆ ಮೂರು ಮಹಡಿ ಏಳಬಹುದು ಎಂದೇ ಯೋಚಿಸಿ ಜಾಗ ಆರಿಸಿ.

ತುಂಬಿದ 200 ಲೀಟರ್ ಸೋಲಾರಿನ ತೂಕ ಮುನ್ನೂರು ಕಿಲೋದ ಹತ್ತಿರ. ಕಾಲುಗಳು ಬೀಮ್ ಮೇಲೆ ಬರುವಂತೆ ಕೂರಿಸಿ. ಸ್ಲ್ಯಾಬಿಗೆ ಡ್ರಿಲ್ ಹಾಕಲು ಬಿಡಬೇಡಿ, ಮಳೆಗಾಲಕ್ಕೆ ಸೋರುತ್ತದೆ. ಸಣ್ಣ ಕಾಂಕ್ರೀಟ್ ದಿಂಡು ಮಾಡಿಸಿ ಅದಕ್ಕೆ ಬೋಲ್ಟ್ ಹಾಕಿಸಿ.

4. ಯಾವುದು ಎಷ್ಟು ಎತ್ತರ

ಇಲ್ಲಿ ಅಡಿಯ ಲೆಕ್ಕ ತಪ್ಪಿದರೆ ಆಮೇಲೆ ಏನು ಮಾಡಿದರೂ ಸರಿಯಾಗುವುದಿಲ್ಲ.

ಸಾಮಾನ್ಯ ಮನೆಗಳಲ್ಲಿ ಹಾಕುವ ಸೋಲಾರಿಗೆ ನೀರು ತುಂಬುವುದು ಮೇಲಿನ ತಣ್ಣೀರಿನ ಟ್ಯಾಂಕ್, ಬರೀ ಇಳಿಜಾರಿನ ಬಲದಿಂದ. ಹಾಗಾಗಿ ಸಿಂಟೆಕ್ಸಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಬೇಕು. ಕನಿಷ್ಠ ಒಂದಡಿ. ಮೆಟ್ಟಿಲ ಕೋಣೆಯ ಮೇಲೆ ಸಿಂಟೆಕ್ಸ್ ಇಟ್ಟ ಮನೆಗಳಲ್ಲಿ ತೊಂದರೆಯಿಲ್ಲ. ಟೆರೇಸ್ ನೆಲದ ಮೇಲೇ ಇಟ್ಟಿದ್ದರೆ ಮೊದಲು ಅದಕ್ಕೆ ಸ್ಟ್ಯಾಂಡ್ ಕಟ್ಟಿಸಿ. ಫ್ಲ್ಯಾಟ್ ಪ್ಲೇಟಿನಲ್ಲಿ ಟ್ಯಾಂಕ್ ಪ್ಯಾನೆಲ್ಲಿಗಿಂತ ಮೇಲೆ ಕೂರುವುದರಿಂದ ಒಟ್ಟು ಎತ್ತರ ಜಾಸ್ತಿ. ಅದಕ್ಕೆ ತಕ್ಕಂತೆ ತಣ್ಣೀರಿನ ಟ್ಯಾಂಕೂ ಏರಬೇಕು.

ಸೋಲಾರ್ ಟ್ಯಾಂಕಿನ ನೆತ್ತಿಯಿಂದ ಒಂದು ಪೈಪ್ ಸುಮ್ನೆ ಆಕಾಶಕ್ಕೆ ನಿಂತಿರುತ್ತದೆ. ಅದು ಏರ್ ವೆಂಟ್. ಉಗಿ ಹೋಗಲು, ಗಾಳಿ ಬರಲು ಇರುವ ಮೂಗು. ಅದರ ತುದಿ ಸಿಂಟೆಕ್ಸ್ ತುಂಬಿದಾಗಿನ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಮೇಲಿರಬೇಕು. ಕಡಿಮೆಯಿದ್ದರೆ ಮೋಟರ್ ಹಾಕಿದಾಗಲೆಲ್ಲ ಅಲ್ಲಿಂದ ನೀರು ಉಕ್ಕುತ್ತದೆ. ಆಗ ಕೆಲವು ಪ್ಲಂಬರುಗಳು ಪೈಪ್ ಉದ್ದ ಮಾಡುವ ಬದಲು ತುದಿಗೆ ಕ್ಯಾಪ್ ಹಾಕಿ ಹೋಗುತ್ತಾರೆ. ಇದು ಅಪಾಯ. ನಮ್ಮ ಬೀದಿಯ ಒಂದು ಮನೆಯಲ್ಲಿ ಹೀಗೇ ಮುಚ್ಚಿದ್ದರು. ಸಿಂಟೆಕ್ಸ್ ಖಾಲಿಯಾಗಿ, ಕೆಳಗೆ ಬಿಸಿ ನೀರಿನ ನಲ್ಲಿ ತೆರೆದಿದ್ದಾಗ ಗಾಳಿ ಒಳಗೆ ಬರಲು ದಾರಿಯಿಲ್ಲದೆ ಟ್ಯಾಂಕ್ ಒಳಕ್ಕೆ ಕುಸಿದು ಚಪ್ಪಟೆಯಾಯಿತು. ಹಿಚುಕಿದ ಪ್ಲಾಸ್ಟಿಕ್ ಬಾಟಲಿಯ ಹಾಗೆ. ಕೆಲಸ ಮುಗಿದ ದಿನ ನೀವೇ ಹತ್ತಿ ಆ ತುದಿ ತೆರೆದಿದೆಯೇ ನೋಡಿ.

5. ಪೈಪ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬಿಸಿ ನೀರಿಗೆ ಸಿಪಿವಿಸಿ ಪೈಪ್ ಬೇಕು. ತಣ್ಣೀರಿಗೆ ಹಾಕುವ ಬಿಳಿ ಪಿವಿಸಿ ಬಿಸಿಗೆ ಮೆತ್ತಗಾಗಿ ಬಾಗುತ್ತದೆ, ಜಾಯಿಂಟ್ ಬಿಡುತ್ತದೆ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಪೈಪಿನ ಉದ್ದ ಮತ್ತು ದಪ್ಪದ ಕಥೆ.

ಬೆಳಿಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಬಿಸಿ ನೀರು ಬರುವುದಿಲ್ಲ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತು ತಣ್ಣಗಾದ ನೀರು ಮೊದಲು ಹೊರಗೆ ಬರಬೇಕು. ಟೆರೇಸಿನಿಂದ ಕೆಳಗಿನ ಬಚ್ಚಲಿಗೆ 60 ಅಡಿ ಪೈಪ್ ಇದೆ ಎಂದುಕೊಳ್ಳಿ. ಒಂದಿಂಚಿನ ಪೈಪಾದರೆ ಅದರಲ್ಲಿ ಸುಮಾರು ಏಳೂವರೆ ಲೀಟರ್ ನೀರು ನಿಂತಿರುತ್ತದೆ. ಮುಕ್ಕಾಲಿಂಚಾದರೆ ನಾಲ್ಕೂವರೆ. ಅರ್ಧ ಇಂಚಾದರೆ ಎರಡು ಲೀಟರ್ ಚಿಲ್ಲರೆ. ಸ್ನಾನ ಮುಗಿದ ಮೇಲೆ ಅಷ್ಟೇ ಬಿಸಿ ನೀರು ಪೈಪಿನಲ್ಲೇ ಉಳಿದು ಆರಿಹೋಗುತ್ತದೆ. ಅಂದರೆ ಒಂದೇ ಸ್ನಾನಕ್ಕೆ ಎರಡು ಸಲ ನಷ್ಟ.

ಇದಕ್ಕೆ ಪರಿಹಾರ ಮನೆ ಕಟ್ಟುವಾಗಲೇ ಇದೆ. ಬಚ್ಚಲುಗಳು ಒಂದರ ಮೇಲೊಂದು ಬರಲಿ, ಸೋಲಾರ್ ಅವುಗಳ ನೆತ್ತಿಯ ಹತ್ತಿರ ಕೂರಲಿ. ಟೆರೇಸಿನ ಈ ಮೂಲೆಯಿಂದ ಆ ಮೂಲೆಗೆ ಪೈಪ್ ಎಳೆಯುವುದಕ್ಕಿಂತ ಸೋಲಾರನ್ನೇ ಸರಿಸುವುದು ಅಗ್ಗ. ಟ್ಯಾಂಕಿನಿಂದ ಮುಖ್ಯ ಲೈನ್ ಮುಕ್ಕಾಲಿಂಚು, ಒಂದೊಂದು ಬಚ್ಚಲಿಗೆ ಒಡೆಯುವ ಕವಲು ಅರ್ಧ ಇಂಚು ಇದ್ದರೆ ಸಾಕು. "ಪ್ರೆಶರ್ ಜೋರಾಗಿ ಬರಲಿ" ಎಂದು ಪೂರ್ತಿ ಒಂದಿಂಚು ಹಾಕಿಸುವವರಿದ್ದಾರೆ. ಅವರ ಮನೆಯಲ್ಲಿ ದಿನಾ ಬೆಳಿಗ್ಗೆ ಅರ್ಧ ಬಕೆಟ್ ನೀರು ಚರಂಡಿಗೆ.

ಟೆರೇಸ್ ಮೇಲೆ ಬಯಲಲ್ಲಿ ಓಡುವ ಬಿಸಿ ಪೈಪಿಗೆ ಕಪ್ಪು ಫೋಮಿನ ಹೊದಿಕೆ ಹಾಕಿಸಿ. ಬರೀ ಫೋಮ್ ಬಿಸಿಲಿಗೆ ಎರಡೇ ವರ್ಷದಲ್ಲಿ ಪುಡಿಯಾಗುತ್ತದೆ. ಮೇಲೆ ಟೇಪ್ ಅಥವಾ ಅಲ್ಯೂಮಿನಿಯಂ ಹಾಳೆ ಸುತ್ತಿಸಿ. ಗೋಡೆಯೊಳಗೆ ಹೋಗುವ ಪೈಪಿಗೂ ಹೊದಿಕೆ ಇದ್ದರೆ ಒಳ್ಳೆಯದು, ಗಾರೆ ಮುಚ್ಚುವ ಮೊದಲೇ ಹೇಳಬೇಕು.

ಪ್ಲಂಬರಿಗೆ ಹೇಳಿ ಮಾಡಿಸಬೇಕಾದ ಇನ್ನು ಕೆಲವು: ಸಿಂಟೆಕ್ಸಿನಿಂದ ಸೋಲಾರಿಗೆ ಬೇರೆಯದೇ ಒಂದು ಲೈನ್, ಅದಕ್ಕೆ ವಾಲ್ವ್ ಮತ್ತು ನೀರು ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್. ಬಿಸಿ ನೀರು ಹೊರಡುವ ಬಾಯಿಗೂ ಒಂದು ವಾಲ್ವ್. ಟ್ಯಾಂಕ್ ಖಾಲಿ ಮಾಡಲು ಕೆಳಗೊಂದು ಡ್ರೈನ್. ನೀರು ಬರುವಲ್ಲಿ, ಹೊರಡುವಲ್ಲಿ ಬಂದ್ ಮಾಡುವ ಆ ಎರಡು ವಾಲ್ವ್ ಇಲ್ಲದಿದ್ದರೆ ಮುಂದೆ ಪ್ರತಿ ರಿಪೇರಿಗೂ ಇಡೀ ಮನೆಯ ನೀರು ಬಂದ್.

6. ಮಿಕ್ಸರ್ ಎಂಬ ಕಳ್ಳ ದಾರಿ

ಈಗ ನಮ್ಮ ಮನೆಯ ಕಥೆ. ಕೆಳಗಿನ ಬಚ್ಚಲಿನ ಮಿಕ್ಸರಿಗೆ ಒಂದು ಹ್ಯಾಂಡ್ ಶವರ್ ಜೋಡಿಸಿದ್ದೆವು. ಶವರಿನ ತುದಿಯಲ್ಲೇ ಬಂದ್ ಮಾಡುವ ಗುಂಡಿ. ಅನುಕೂಲ ನೋಡಿ, ಮಿಕ್ಸರಿನ ಬಿಸಿ, ತಣ್ಣನೆ ಎರಡೂ ನಾಬ್ ತೆರೆದೇ ಇಟ್ಟು ತುದಿಯ ಗುಂಡಿ ಮಾತ್ರ ಒತ್ತುತ್ತಿದ್ದೆವು. ನೀರು ನಿಲ್ಲುತ್ತಿತ್ತು. ಆದರೆ ಮಿಕ್ಸರಿನೊಳಗೆ ಬಿಸಿ ಲೈನೂ ತಣ್ಣನೆ ಲೈನೂ ಸೇರಿಕೊಂಡೇ ಇರುತ್ತಿದ್ದವು. ಮೇಲಿನ ಬಚ್ಚಲಲ್ಲಿ ಯಾರಾದರೂ ಬಿಸಿ ನಲ್ಲಿ ತಿರುಗಿಸಿದರೆ, ಕೆಳಗಿನ ಮಿಕ್ಸರಿನ ಮೂಲಕ ತಣ್ಣೀರು ಬಿಸಿ ಪೈಪಿಗೆ ನುಗ್ಗಿ ಅಲ್ಲಿಗೆ ಹೋಗುತ್ತಿತ್ತು. ಟ್ಯಾಂಕಿನಲ್ಲಿ ನೀರು ಕುದಿಯುವಷ್ಟು ಬಿಸಿ, ನಲ್ಲಿಯಲ್ಲಿ ಆರಿದ ಕಾಫಿ.

ಇದನ್ನು ಕಂಡುಹಿಡಿದದ್ದು ಬೇರೆ ಕೆಲಸಕ್ಕೆ ಬಂದಿದ್ದ ಒಬ್ಬ ವಯಸ್ಸಾದ ಪ್ಲಂಬರ್. ಅವರು ಮಾಡಿದ ಪರೀಕ್ಷೆ ಐದು ನಿಮಿಷದ್ದು, ನೀವೂ ಮಾಡಬಹುದು. ಟೆರೇಸಿಗೆ ಹೋಗಿ ಸೋಲಾರ್ ಟ್ಯಾಂಕಿನಿಂದ ಬಿಸಿ ನೀರು ಹೊರಡುವ ವಾಲ್ವ್ ಬಂದ್ ಮಾಡಿ. ಕೆಳಗೆ ಬಂದು ಮನೆಯ ಯಾವುದಾದರೂ ಒಂದು ಬಿಸಿ ನಲ್ಲಿ ತೆರೆಯಿರಿ. ಪೈಪಿನಲ್ಲಿದ್ದ ನೀರು ಸ್ವಲ್ಪ ಹೊತ್ತು ಬಂದು ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಅದು ತಣ್ಣೀರಿನ ಲೈನಿನದು, ಯಾವುದೋ ಮಿಕ್ಸರಿನೊಳಗಿಂದ ದಾಟುತ್ತಿದೆ. ಒಂದೊಂದೇ ಮಿಕ್ಸರಿನ ನಾಬ್ ಬಂದ್ ಮಾಡುತ್ತಾ ಬನ್ನಿ, ಕಳ್ಳ ಸಿಗುತ್ತಾನೆ. ಎರಡೂ ನಾಬ್ ಬಂದ್ ಇದ್ದರೂ ನೀರು ದಾಟುತ್ತಿದ್ದರೆ ಒಳಗಿನ ಭಾಗ ಸವೆದಿದೆ ಎಂದರ್ಥ, ಬದಲಿಸಬೇಕು.

ಪ್ರೆಶರ್ ಪಂಪ್ ಇರುವ ಮನೆಯಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ತಣ್ಣೀರಿಗೆ ಮಾತ್ರ ಪಂಪ್, ಬಿಸಿ ನೀರು ಬರೀ ಇಳಿಜಾರಿನಲ್ಲಿ ಬರುತ್ತಿದ್ದರೆ ಮಿಕ್ಸರಿನಲ್ಲಿ ತಣ್ಣೀರು ಗೆಲ್ಲುತ್ತದೆ, ಬಿಸಿಯನ್ನು ಹಿಂದಕ್ಕೆ ತಳ್ಳುತ್ತದೆ. ಪಂಪ್ ಬೇಕೆಂದರೆ ಒತ್ತಡ ತಡೆಯುವ ಟ್ಯಾಂಕಿನ ಸೋಲಾರನ್ನೇ ಕೇಳಿ ಹಾಕಿಸಿ, ಎರಡು ಲೈನಿಗೂ ಒಂದೇ ಒತ್ತಡ ಇರಲಿ. ಸಾಮಾನ್ಯ ಟ್ಯಾಂಕಿಗೆ ಪಂಪಿನ ನೀರು ನೇರ ಕೊಟ್ಟರೆ ಅದು ಉಬ್ಬಿ ಸೀಳುತ್ತದೆ.

7. ಮೋಡದ ದಿನಕ್ಕೆ ಏನು?

ಸೋಲಾರ್ ಟ್ಯಾಂಕಿನೊಳಗೇ ಒಂದು 2 ಕಿಲೋವ್ಯಾಟ್ ಕಾಯಿಲ್ ಹಾಕಿಕೊಡುತ್ತೇವೆ ಎನ್ನುತ್ತಾರೆ. ನನಗೆ ಅದು ಇಷ್ಟವಿಲ್ಲ. ಕಾರಣ ಲೆಕ್ಕ. 200 ಲೀಟರ್ ಟ್ಯಾಂಕನ್ನು 25ರಿಂದ 45 ಡಿಗ್ರಿಗೆ ತರಲು ನಾಲ್ಕೂವರೆ ಯೂನಿಟ್‌ಗೂ ಜಾಸ್ತಿ ಕರೆಂಟ್, ಎರಡು ಗಂಟೆಗೂ ಜಾಸ್ತಿ ಹೊತ್ತು. ಇಬ್ಬರು ಸ್ನಾನ ಮಾಡಬೇಕೆಂದರೂ ಅಷ್ಟೂ ನೀರು ಕಾಯಲೇಬೇಕು. ಬಚ್ಚಲಲ್ಲಿ ಒಂದು 15 ಲೀಟರ್ ಗೀಸರ್ ಇದ್ದರೆ ಒಂದು ಸಲ ಕಾಯಿಸಲು 0.6 ಯೂನಿಟ್. ಮಳೆಗಾಲದಲ್ಲಿ ಇದೇ ವಾಸಿ.

ಈಗಾಗಲೇ ಕಾಯಿಲ್ ಇದ್ದರೆ ಅದಕ್ಕೆ ಅರ್ತಿಂಗ್ ಸರಿಯಿದೆಯೇ, ಸೋರಿಕೆ ಕರೆಂಟಿಗೆ ಟ್ರಿಪ್ ಆಗುವ ಆರ್‌ಸಿಸಿಬಿ ಇದೆಯೇ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಟ್ಯಾಂಕ್ ಖಾಲಿಯಿದ್ದಾಗ ಸ್ವಿಚ್ ಹಾಕಬೇಡಿ. ಮತ್ತೆ, ರಾತ್ರಿ ಹಾಕಿ ಮಲಗಬೇಡಿ. ಬೆಳಗಿನ ಜಾವ ಹಾಕಿ. ಮೊದಲೇ ಕಾಯಿಸಿದರೆ ರಾತ್ರಿಯೆಲ್ಲ ಆರುತ್ತದೆ, ಕರೆಂಟ್ ದಂಡ.

ಜೂನ್‌ನಿಂದ ಸೆಪ್ಟೆಂಬರ್ ತನಕ ಸೂರ್ಯನ ಮುಖವೇ ಕಾಣದ ಆಗುಂಬೆ, ತೀರ್ಥಹಳ್ಳಿ ಕಡೆಯವರು ಬಚ್ಚಲ ಒಲೆ, ಹಂಡೆ ಕಿತ್ತು ಹಾಕದಿರುವುದೇ ಜಾಣತನ. ಅಡಿಕೆ ಸಿಪ್ಪೆ ಹೇಗೂ ಮನೆಯದೇ.

8. ನೀರು ತುಂಬುವ ಮೊದಲ ದಿನ

ಟ್ಯೂಬ್ ಸೋಲಾರಿಗೆ ಮೊದಲ ಸಲ ನೀರು ತುಂಬುವುದು ಬೆಳಿಗ್ಗೆ ಬೇಗ ಅಥವಾ ಸಂಜೆ ಮಾತ್ರ. ಮಧ್ಯಾಹ್ನ ಬೇಡವೇ ಬೇಡ. ಖಾಲಿ ಟ್ಯೂಬ್ ಬಿಸಿಲಿಗೆ ಬಾಣಲೆಯಂತೆ ಕಾದಿರುತ್ತದೆ. ಅದಕ್ಕೆ ತಣ್ಣೀರು ಬಿದ್ದರೆ ಚಟ್ ಎಂದು ಸೀಳುತ್ತದೆ. ಸಿಂಟೆಕ್ಸ್ ಖಾಲಿಯಾಗಿ ಸೋಲಾರೂ ಖಾಲಿಯಾದ ದಿನಕ್ಕೂ ಇದೇ ನಿಯಮ: ಸೂರ್ಯ ಇಳಿದ ಮೇಲೆ ತುಂಬಿಸಿ.

ತುಂಬಿದ ಮೇಲೆ ಪ್ರತಿ ಟ್ಯೂಬಿನ ರಬ್ಬರ್ ರಿಂಗ್ ಹತ್ತಿರ ಬೆರಳಾಡಿಸಿ ಒದ್ದೆ ಇದೆಯೇ ನೋಡಿ. ಟ್ಯೂಬಿನ ಕೆಳತುದಿಯಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣ ಇರಬೇಕು. ಅದು ಹಾಲುಬಿಳಿ ಆಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ಟ್ಯೂಬ್ ದಂಡ. ಹಾಕಿದವರು ಇನ್ನೂ ಟೆರೇಸ್ ಮೇಲಿರುವಾಗಲೇ ತೋರಿಸಿ ಬದಲಿಸಿಕೊಳ್ಳಿ. ಎರಡು ದಿನ ಬಿಟ್ಟು, ಒಳ್ಳೆಯ ಬಿಸಿಲಿನ ಸಂಜೆ 4ಕ್ಕೆ ಟ್ಯಾಂಕಿನ ಹತ್ತಿರದಿಂದಲೇ ನೀರು ಹಿಡಿದು ಥರ್ಮಾಮೀಟರ್ ಇಟ್ಟು ನೋಡಿ. 55–60 ಡಿಗ್ರಿ ಇರಬೇಕು. ಆ ಅಂಕಿ ಬರೆದಿಡಿ. ಮುಂದೆ ಯಾರಾದರೂ "ಬಿಸಿಲು ಸಾಲದು" ಎಂದರೆ ತೋರಿಸಲು ಬೇಕಾಗುತ್ತದೆ.

ಕಾಗದಪತ್ರದ್ದು ಒಂದು ಮಾತು. ಕರ್ನಾಟಕದಲ್ಲಿ 2007ರ ಸರ್ಕಾರಿ ಆದೇಶದ ನಂತರ ನಗರಗಳ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯದ ನಿಯಮ ಬಂತು. ಹಾಕಿಸಿದ ಮನೆಗಳಿಗೆ ವಿದ್ಯುತ್ ಕಂಪನಿಗಳು ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಕೊಡುತ್ತಾ ಬಂದಿವೆ. ಅದು ತಾನಾಗಿ ಬರುವುದಿಲ್ಲ. ಸೋಲಾರಿನ ಬಿಲ್ಲು, ಕರೆಂಟ್ ಬಿಲ್ಲಿನ ಮೇಲಿರುವ ಆರ್‌ಆರ್ ನಂಬರ್ ಹಿಡಿದುಕೊಂಡು ಸಬ್ ಡಿವಿಷನ್ ಆಫೀಸಿಗೆ ಒಂದು ಸಲ ಹೋಗಿ ಈಗಿನ ದರ ಕೇಳಿ, ಅರ್ಜಿ ಕೊಟ್ಟು ಬನ್ನಿ.

9. ದಿನಬಳಕೆ

ಸ್ನಾನ ಒಬ್ಬರ ಹಿಂದೆ ಒಬ್ಬರು ಮುಗಿಸಿ. ಗಂಟೆಗೊಬ್ಬರು ಹೋದರೆ ಪ್ರತಿ ಸಲವೂ ಪೈಪ್ ತಣ್ಣಗಾಗಿರುತ್ತದೆ. ಬಿಸಿ ನೀರೆಲ್ಲ ಬೆಳಿಗ್ಗೆ 9ರೊಳಗೆ ಬಳಸಿಬಿಟ್ಟರೆ ಇಡೀ ದಿನದ ಬಿಸಿಲು ಹೊಸ ನೀರಿಗೆ ಸಿಗುತ್ತದೆ. ಮಧ್ಯಾಹ್ನ 3ಕ್ಕೆ ಬಟ್ಟೆ ನೆನೆಸಲು ಎರಡು ಬಕೆಟ್ ಹಿಡಿದರೆ ಆ ಜಾಗಕ್ಕೆ ಬಂದ ತಣ್ಣೀರು ಸಂಜೆಯವರೆಗೆ ಸರಿಯಾಗಿ ಕಾಯುವುದಿಲ್ಲ.

ಮಕ್ಕಳಿರುವ ಮನೆಯಲ್ಲಿ ಒಂದು ಕಟ್ಟುನಿಟ್ಟು: ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರು 70–80 ಡಿಗ್ರಿಗೂ ಹೋಗುತ್ತದೆ. ಚರ್ಮ ಸುಡಲು ಒಂದೆರಡು ಸೆಕೆಂಡ್ ಸಾಕು. ಬೇಸಿಗೆ ರಜೆಗೆ ವಾರಗಟ್ಟಲೆ ಊರಿಗೆ ಹೋಗುವುದಾದರೆ ಸೋಲಾರಿನ ಮೇಲೆ ದಪ್ಪ ಬಟ್ಟೆ ಅಥವಾ ಟಾರ್ಪಾಲ್ ಹೊದಿಸಿ ಕಟ್ಟಿ ಹೋಗಿ. ಬಳಸುವವರಿಲ್ಲದ ನೀರು ಸುಮ್ನೆ ಕುದಿದು ಕುದಿದು ರಬ್ಬರ್ ರಿಂಗುಗಳನ್ನು ಹಾಳುಮಾಡುತ್ತದೆ.

ಗಾಜಿನ ಧೂಳನ್ನು ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ತೊಳೆಯಿರಿ. ಮಳೆಗಾಲದಲ್ಲಿ ಆ ಕೆಲಸ ಮಳೆಯೇ ಮಾಡುತ್ತದೆ.

10. ನೀರು ಬಿಸಿ ಬಾರದಿದ್ದರೆ

ಫೋನ್ ಮಾಡುವ ಮೊದಲು ಟೆರೇಸ್ ಹತ್ತಿ ಟ್ಯಾಂಕಿನಿಂದ ಹೊರಡುವ ಪೈಪಿನ ಬುಡ ಎಚ್ಚರಿಕೆಯಿಂದ ಮುಟ್ಟಿ. ಯಾರಾದರೂ ಕೆಳಗೆ ನಲ್ಲಿ ತೆರೆದಿರಲಿ. ಬುಡ ಸುಡುತ್ತಿದ್ದು ನಲ್ಲಿಯಲ್ಲಿ ತಣ್ಣಗಿದ್ದರೆ ತಪ್ಪು ಪೈಪಿನದು, ಇಲ್ಲವೇ ಮಿಕ್ಸರಿನದು. ಮೇಲೆ ಹೇಳಿದ ಪರೀಕ್ಷೆ ಮಾಡಿ. ಬುಡವೂ ತಣ್ಣಗಿದ್ದರೆ ಬಿಸಿ ಲೈನಿನಲ್ಲಿ ಎಲ್ಲೋ ನಲ್ಲಿ ಸೋರಿ ಹಗಲೆಲ್ಲ ನೀರು ಖಾಲಿಯಾಗುತ್ತಿದೆಯೇ ನೋಡಿ. ಟ್ಯೂಬಿನ ತುದಿಗಳ ಬಣ್ಣ ನೋಡಿ. ಫ್ಲ್ಯಾಟ್ ಪ್ಲೇಟಿನಲ್ಲಿ ಪ್ಯಾನೆಲ್ಲಿನ ಮೇಲಿನ ಪೈಪ್ ವಿಪರೀತ ಬಿಸಿಯಿದ್ದು ಟ್ಯಾಂಕ್ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಥವಾ ಸುಣ್ಣ ಕಟ್ಟಿದೆ. ಆಗ ಫೋನ್ ಮಾಡಿ. ಆಸಿಡ್ ಹಾಕಿ ಸುಣ್ಣ ತೆಗೆಯುವುದು ಮನೆಯವರು ಮಾಡುವ ಕೆಲಸವಲ್ಲ.

ವರ್ಷಕ್ಕೊಮ್ಮೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕೆಸರು, ಸುಣ್ಣ ಹೊರಗೆ ಬಿಡಬೇಕು. ಮೆಗ್ನೀಷಿಯಂ ಸರಳು ಬಿಚ್ಚಿ ನೋಡಬೇಕು. ದಿನಾಂಕ ಮರೆತುಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ಇದನ್ನು ದೀಪಾವಳಿಗೆ ಕಟ್ಟಿಹಾಕಿದ್ದೇವೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಮೊದಲೆಲ್ಲ ಅಂದು ಹಂಡೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣದ ಪಟ್ಟೆ ಬಳಿದು, ಹೂ ಸುತ್ತಿ ಹೊಸ ನೀರು ತುಂಬುತ್ತಿದ್ದರು. ಈಗ ನಾನು ಬೆಳಿಗ್ಗೆ ಆರಕ್ಕೇ ಟೆರೇಸ್ ಹತ್ತಿ ಡ್ರೈನ್ ತೆರೆದು, ಬಿಸಿಲೇರುವ ಮೊದಲು ಮತ್ತೆ ತುಂಬಿಸಿ ಇಳಿಯುತ್ತೇನೆ. ಹೊಸ ನೀರು ಸಂಜೆಯೊಳಗೆ ಕಾದಿರುತ್ತದೆ. ಅಮ್ಮನಿಗೆ ಮಂಡಿ ನೋವು, ಮೇಲೆ ಹತ್ತಲಾಗದು. ಅವರು ಕೆಳಗಿನ ಬಚ್ಚಲಿನ ಮಿಕ್ಸರಿಗೇ ಅರಿಶಿನ ಕುಂಕುಮ ಇಡುತ್ತಾರೆ.